ತೀರ್ಥದ ಬಾವಿ

ಅನ್ನ ನೀರುಗಳನ್ನಿತ್ತು ಈ ಮುದಿ ದೇಹವನ್ನು ಇಲ್ಲಿಯವರೆಗೆ ಕಾಪಾಡಿದ ಭಗವಂತನಿಗೆ ಮೊದಲ ನಮಸ್ಕಾರ.

ಇಂದು ಪಂಚಾಯತಿಯವರು ನಮ್ಮ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಹೋದರು; ಆ ವಾಸನೆಗೆ ನನ್ನ ಬಾಲ್ಯದ ಹಳದೀಪುರದ ಒಂದು ಮಧ್ಯಾಹ್ನ ನೆನಪಿಗೆ ಮರಳಿತು.

ಆ ಮಳೆಗಾಲ ಊರಲ್ಲಿ ವಾಂತಿಭೇದಿ ಹರಡಿತ್ತು. ತಂಗಿ ಮೂರು ದಿನದಿಂದ ಮೇಲೇಳದೆ ಮಲಗಿದ್ದಳು. ಅಜ್ಜ ಅವಳಿಗೆ ಅಂಗಳದ ಬಾವಿಯ ನೀರಿನಲ್ಲಿ ಅಭಿಷೇಕ ಮಾಡಿದ ದೇವರ ತೀರ್ಥವನ್ನೇ ಕುಡಿಸುತ್ತಿದ್ದರು. ಆರೋಗ್ಯ ಇಲಾಖೆಯ ಸುಬ್ರಾಯ ಪುಡಿಯ ಡಬ್ಬ ಹಿಡಿದು ಅಂಗಳಕ್ಕೆ ಬಂದ.

"ಅಭಿಷೇಕದ ನೀರಿಗೆ ಈ ನಾತದ ಪುಡಿಯಾ? ಇದು ಮಡಿ ಬಾವಿ ಮಾರಾಯ, ಹೊರಗಿನವರು ಮುಟ್ಟೂದಿಲ್ಲ," ಎಂದರು ಅಜ್ಜ.

"ಇಲಿಗೆಂತ ಮಡಿ ಭಟ್ರೇ? ಒಂದು ಕೊಡ ಸೇದಿ ನೋಡಿ, ಆಮೇಲೆ ಬೈದ್ರೆ ಆತು."

ಸುಬ್ರಾಯ ಹಗ್ಗ ಮುಟ್ಟುವಂತಿರಲಿಲ್ಲ, ಅಜ್ಜನೇ ಸೇದಿದರು. ಎರಡನೆಯ ಕೊಡದಲ್ಲಿ ಉಬ್ಬಿದ ಇಲಿಯೊಂದು ಮೇಲೆ ಬಂತು. ರೋಮ ಉದುರಿದ ಚರ್ಮ ಲೋಳೆಯಾಗಿತ್ತು. ಅದಕ್ಕೆ ಕಟ್ಟೆಯ ತುಳಸಿಯ ಎಲೆಯೊಂದು ಅಂಟಿತ್ತು. ಪಚ್ಚಕರ್ಪೂರ ಬೆರೆತ ತೀರ್ಥದಲ್ಲಿ ನಮಗೆ ಆ ನಾತ ತಿಳಿದೇ ಇರಲಿಲ್ಲ. ಬೆಳಗ್ಗೆ ನಾನೂ ಮೂರು ಸಲ ಕೈಯೊಡ್ಡಿ ಕುಡಿದಿದ್ದೆ. ಅಲ್ಲೇ ಬಗ್ಗಿ ಕಾರಿದೆ.

ಸುಬ್ರಾಯ ನಗಲಿಲ್ಲ. "ಮೊದಲು ಕೂಸನ್ನು ಆಸ್ಪತ್ರೆಗೆ ಒಯ್ವ ಭಟ್ರೇ," ಎಂದ.

ಮಡಿಯುಟ್ಟಿದ್ದ ಅಜ್ಜ, ಹೊಲಸಾದ ಬಟ್ಟೆಯಲ್ಲೇ ಇದ್ದ ತಂಗಿಯನ್ನು ಎದೆಗವಚಿಕೊಂಡು ಸುಬ್ರಾಯನ ಸೈಕಲ್ಲಿನ ಹಿಂದೆ ಕುಳಿತರು. ಹೊರಡುವ ಮುನ್ನ ನನಗೆ ಹೇಳಿದ್ದು ಒಂದೇ ಮಾತು: "ಆ ಡಬ್ಬ ಇಲ್ಲೇ ಇರಲಿ."

ಪುಡಿ ತಂದವನಿಗೂ ಹಗ್ಗ ಸೇದಿದವರಿಗೂ ಸದ್ಗತಿಯಾಗಲಿ. ಇಂದಿಗೂ ಮೂಗು ಮುಚ್ಚಿಕೊಂಡೇ ತೀರ್ಥ ಕುಡಿಯುವ ನನ್ನ ತಂಗಿ ನೂರ್ಕಾಲ ಬಾಳಲಿ.