ಬಗ್ಗಬಾರದ ಗುಂಡಿ

ಊರುಗೋಲು ಬಿದ್ದ ಸದ್ದಿಗೇ ರೆಬೆಕಾಳ ಬೆನ್ನು ಅರ್ಧ ಬಾಗಿಬಿಟ್ಟಿತ್ತು. ಪಕ್ಕದ ಮೆಟ್ಟಿಲಲ್ಲಿ ನಿಂತಿದ್ದ ವಿಲ್ಮಾ ಅವಳ ಹೆಗಲ ಮೇಲಿನ ಶಾಲನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದಳು.

“ಅಕ್ಕ, ಇಲ್ಲಿಗೆ ಕಾಲು ವಾಸಿ ಮಾಡ್ಕೊಳ್ಳೋಕೆ ಬಂದಿದೀಯೋ, ಕಾಲು ಚಾಚ್ಕೊಂಡು ಮಲಗಿಬಿಡೋಕೋ?”

ರೆಬೆಕಾ ನೆಟ್ಟಗಾದಳು. ಕೊವಾಸ್ನಾ ಊರಿನ ಈ ಸ್ನಾನದ ಮನೆಯ ಗುಂಡಿಯಲ್ಲಿ ಒಂದು ಹನಿ ನೀರಿಲ್ಲ. ನೆಲದೊಳಗಿಂದ ಉಕ್ಕುವ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದ ಹಾಗೆ ತುಂಬಿ, ಸೊಂಟದ ಮಟ್ಟಕ್ಕೆ ನಿಂತಿರುತ್ತದೆ. ಉಟ್ಟ ಬಟ್ಟೆಯಲ್ಲೇ ಮರದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತರೆ ಉಣ್ಣೆಯ ಕಾಲುಚೀಲ ಏರಿಸಿದ ಹಾಗೆ ಬಿಸಿ ಹತ್ತುತ್ತದೆ, ಮರಗಟ್ಟಿದ ಕಾಲಿನಲ್ಲಿ ರಕ್ತ ಚುರುಕಾಗುತ್ತದೆ. ಆದರೆ ಮೂಗು ಆ ಮಟ್ಟಕ್ಕೆ ಇಳಿಯಿತೋ, ಒಂದೆರಡು ಉಸಿರಿಗೆ ಪ್ರಜ್ಞೆ ಹೋಗುತ್ತದೆ. ಅದಕ್ಕೇ ಕಾವಲಿನ ಎಮೆಶೆ ಜನರನ್ನು ಇಳಿಸುವ ಮೊದಲು ಕೋಲಿನ ತುದಿಗೆ ಮೇಣದಬತ್ತಿ ಸಿಕ್ಕಿಸಿ ಕೆಳಗೆ ಬಿಡುತ್ತಾಳೆ. ಬತ್ತಿ ಎಲ್ಲಿ ಆರಿತೋ ಅಲ್ಲಿಯವರೆಗೆ ಅನಿಲ. “ಉಂಗುರ ಬೀಳ್ಲಿ, ಹಲ್ಲಿನ ಸೆಟ್ಟೇ ಬೀಳ್ಲಿ, ಯಾರೂ ಬಗ್ಗಕೂಡದು,” ಎಂದು ಇವತ್ತೂ ಹೇಳಿದ್ದಳು.

ಆ ಮಾತು ರೆಬೆಕಾಳ ತಲೆಗೆ ಗೊತ್ತಿತ್ತು, ಬೆನ್ನಿಗೆ ಗೊತ್ತಿರಲಿಲ್ಲ. ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಕೆಳಗೆ ಉರುಳಿದ ನೂಲಿನ ಉರುಳೆಗಳನ್ನು ಹೆಕ್ಕುತ್ತ ಹರೆಯ ಕಳೆದಿದ್ದಳು. ಗಿರಣಿ ಮುಚ್ಚಿದ ಮೇಲೆ ಅದರ ಮೇಲಧಿಕಾರಿಯಾಗಿದ್ದ ಬಾಲಿಂತರ ಮನೆಯ ನೆಲ ಉಜ್ಜಿದಳು. ಈಗ ಅವರ ಸೊಸೆ ನಡೆಸುವ ವಸತಿಗೃಹದ ನೆಲ ಉಜ್ಜುತ್ತಾಳೆ. ಬಿದ್ದದ್ದು ಆ ಬಾಲಿಂತರದೇ ಊರುಗೋಲು. ಅವರು ಎರಡು ಮಾರು ಆಚೆ, ಕಟಕಟೆ ಹಿಡಿದು ನಿಂತಿದ್ದರು.

“ರೆಬೆಕಾ, ನೋಡ್ತಾ ನಿಂತ್ಯಲ್ಲ. ಕೋಲು.”

“ಬಿದ್ದಿದೆ ಯಜಮಾನ್ರೇ. ಕಂಡೆ.”

“ಕಂಡ್ರೆ ಸಾಕಾ? ಉಸಿರು ಬಿಗಿಹಿಡಿದು ಒಂದ್ಸಲ ಕೈ ಹಾಕು. ಗಿಡ್ಡಿ ನೀನು, ನೆಲ ನಿನಗೆ ಹತ್ರ.”

ಗುಂಡಿಯಲ್ಲಿ ನಿಂತಿದ್ದ ಉಳಿದವರಲ್ಲಿ ಯಾರೋ ಕಿಸಕ್ಕೆಂದರು. ಮೇಲಿನಿಂದ ಎಮೆಶೆ ಗದರಿದಳು. “ತಾತ, ಸುಮ್ನಿರಿ. ಎಲ್ರೂ ಹತ್ತಿ ಹೋದ ಮೇಲೆ ಕೊಕ್ಕೆ ಹಾಕಿ ತೆಗೀತೀನಿ. ಬಗ್ಗೋವಾಗ ಯಾರ ಉಸಿರೂ ಬಿಗಿ ನಿಲ್ಲಲ್ಲ. ಕಾಡಲ್ಲಿ ಇದೇ ಅನಿಲ ಉಕ್ಕೋ ಕುಳಿಗೆ ಮೂಗು ಹಾಕಿದ ನಮ್ಮ ನಾಯಿ ಒಂದ್ಸಲ ಬೊಗಳೋಕೂ ಆಗ್ದೆ ಮಲಗಿಬಿಡ್ತು.”

“ಅದು ನಾಯಿ. ಇವಳಿಗೆ ಬಗ್ಗಿ ಅಭ್ಯಾಸ ಇದೆ,” ಎಂದರು ಬಾಲಿಂತ್.

ರೆಬೆಕಾ ಅಲ್ಲಿಯವರೆಗೂ ಮಾತಿನ ನಡುನಡುವೆ ತುಟಿಯೊಳಗೇ ಒಂದು ಕೀರ್ತನೆ ಹೇಳಿಕೊಳ್ಳುತ್ತಿದ್ದಳು. ನಿಂತ ಹೊತ್ತು ಕಳೆಯಲು ಅವಳ ಅಮ್ಮ ಕಲಿಸಿದ್ದು. ಅದು ನಡುಸಾಲಿನಲ್ಲೇ ನಿಂತುಹೋಯಿತು.

“ಅಭ್ಯಾಸ ಇದೆ ಯಜಮಾನ್ರೇ. ಅದಕ್ಕೇ ಈಗ ಸಾಯ್ತಿದ್ದೆ. ಬಗ್ಗಲ್ಲ.”

“ಏನಂದೆ?”

“ಬಗ್ಗಲ್ಲ ಅಂದೆ. ಕೋಲಿನ ಜೊತೆ ಕಿವೀನೂ ಬಿದ್ದಿದ್ರೆ ಹೇಳಿ, ಎಮೆಶೆ ಅದನ್ನೂ ಕೊಕ್ಕೇಲಿ ತೆಗೀತಾಳೆ.”

ಈ ಸಲ ನಗು ಗುಂಡಿಯ ಸುತ್ತ ಒಂದು ಸುತ್ತು ಹಾಕಿತು. ಬಾಲಿಂತರ ಕತ್ತು ಕೆಂಪೇರಿತು.

“ಈ ಮಾತನ್ನ ನಾಳೆ ನನ್ನ ಸೊಸೆ ಮುಂದೆ ನಿಂತು ಹೇಳು, ನೋಡೋಣ.”

ನಗು ನಿಂತಿತು. ರೆಬೆಕಾಳ ಒಲೆ ಯಾವ ಕೆಲಸದಿಂದ ಉರಿಯುತ್ತದೆ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತು. ವಿಲ್ಮಾ ಸುಮ್ಮನಿರು ಎನ್ನುವಂತೆ ಶಾಲನ್ನು ಮತ್ತೊಮ್ಮೆ ಎಳೆದಳು. ರೆಬೆಕಾ ಅವಳ ಕೈಯನ್ನು ಮೆತ್ತಗೆ ಬಿಡಿಸಿದಳು.

“ಹೇಳ್ತೀನಿ. ಅವರ ಮುಂದೂ ನೆಟ್ಟಗೆ ನಿಂತೇ ಹೇಳ್ತೀನಿ.”

ಬಾಲಿಂತರಿಗೆ ಅದನ್ನು ಸಹಿಸಲು ಆಗಲಿಲ್ಲವೋ ಏನೋ, ಒಂದು ಕೈಯಲ್ಲಿ ಕಟಕಟೆ ಹಿಡಿದು ತಾವೇ ಧಡಕ್ಕನೆ ಬಾಗಿದರು. ಎಮೆಶೆ ಕೂಗುವ ಮೊದಲೇ ರೆಬೆಕಾ ಆ ಎರಡು ಮಾರು ದಾಟಿ ಅವರ ಕೋಟಿನ ಕಾಲರಿಗೆ ಎರಡೂ ಕೈ ಹಾಕಿದ್ದಳು. ಒದ್ದೆ ಹಾಸಿಗೆ ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈಗಳು. ಒಂದೇ ಎಳೆತಕ್ಕೆ ಮೇಲೆತ್ತಿದಳು. ಅಷ್ಟರಲ್ಲಿ ಒಂದು ಉಸಿರು ಒಳಗೆ ಹೋಗಿತ್ತು. ವಿನೆಗರ್ ನೆತ್ತಿಗೇರಿದ ಹಾಗೆ ಮುಖ ಕಿವುಚಿ, ಕಣ್ಣಲ್ಲಿ ನೀರು ಇಳಿಸಿ, ಅವರು ಬಾಯಿ ತೆರೆದುಕೊಂಡು ನಿಂತರು. ಅವಳು ಕಾಲರ್ ಬಿಡಲಿಲ್ಲ.

“ತಲೆ ಮೇಲೆ. ಇನ್ನೂ ಮೇಲೆ. ಹಾಂ, ನೆಟ್ಟಗೆ ನಿಂತ್ಕೊಳಿ, ಅಷ್ಟೇ. ಕಷ್ಟ ಏನಿಲ್ಲ ಯಜಮಾನ್ರೇ, ನಾನೂ ಈಗ ತಾನೇ ಕಲಿತೆ.”

ಎಮೆಶೆ ಓಡಿಬಂದಳು. ಇಬ್ಬರೂ ಆಚೊಂದು ಈಚೊಂದು ರಟ್ಟೆ ಹಿಡಿದು ಅವರನ್ನು ಮೆಟ್ಟಿಲು ಹತ್ತಿಸಿ, ಹೊರಗೆ ಗಾಳಿ ಆಡುವ ಕಡೆ ಬೆಂಚಿನ ಮೇಲೆ ಕೂರಿಸಿದರು. ಎಮೆಶೆ ಡಾಕ್ಟರನ್ನು ಕರೆತರಲು ಹೋದಳು. ಅವಳು ಬರುವಷ್ಟರಲ್ಲಿ ಬಾಲಿಂತರ ಮುಖಕ್ಕೆ ಬಣ್ಣ ಬಂತು, ಆಮೇಲೆ ದನಿ ಬಂತು.

“ನಾಳೆಯಿಂದ ಕೆಲಸಕ್ಕೆ ಬರಬೇಡ.”

“ಸರಿ,” ಎಂದಳು ರೆಬೆಕಾ, ಶಾಲು ಸರಿಮಾಡಿಕೊಳ್ಳುತ್ತ. “ಆದ್ರೆ ಇಲ್ಲಿಗೆ ಬರ್ತೀನಿ. ಡಾಕ್ಟರು ನಿಮ್ಮನ್ನ ಮತ್ತೆ ಒಳಗೆ ಬಿಟ್ರೆ ಪಕ್ಕದಲ್ಲೇ ನಿಲ್ತೀನಿ. ನಿಮಗೆ ಬಗ್ಗಿ ಅಭ್ಯಾಸ ಇಲ್ಲ. ಕಾಲರ್ ಹಿಡಿಯೋಕೆ ಒಬ್ಬರು ಬೇಕಾಗತ್ತೆ.”