ಸೇನಾನಿಯ ಹೆಲ್ಮೆಟ್

ಹೆಲ್ಮೆಟ್ ಮತ್ತೆ ನೆಟ್ಟಗೆ ಕುಳಿತಿತ್ತು. ತೊಂದರೆ ಅದೇ.

"ಇನ್ನೇನು ಬೇಕು ನಿಂಗೆ? ಥೇಟ್ ಸೇನಾನಿ!" ಎಂದ ಗಂಡ. ಹೆಲ್ಮೆಟ್ ಹಾಕಿಕೊಂಡು, ಎದೆ ಉಬ್ಬಿಸಿ, ಗಲ್ಲ ಮೇಲೆತ್ತಿ ಕನ್ನಡಿಯ ಮುಂದೆ ನಿಂತಿದ್ದ. ಚಿಕ್ಕಂದಿನಲ್ಲಿ ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಹಳೆಯ ಕಪ್ಪು-ಬಿಳುಪು ಧಾರಾವಾಹಿಯೊಂದರಲ್ಲಿ ಗಗನ ಸೇನಾನಿ ಧರಿಸುತ್ತಿದ್ದ ಹೆಲ್ಮೆಟ್ಟಿನ ಪಡಿಯಚ್ಚು ಅದು. ನಾಳೆ ಅಭಿಮಾನಿಗಳ ಕೂಟ. ಸೇನಾನಿಯ ಪಾತ್ರ ಮಾಡಿದ್ದ ನಟನೇ ಬರುವವನಿದ್ದ. ಅವನ ಪಕ್ಕದಲ್ಲಿ ಇದನ್ನು ಹಿಡಿದು ನಿಂತು ಒಂದು ಫೋಟೊ ತೆಗೆಸಿಕೊಂಡರೆ ಗಂಡನ ಜನ್ಮ ಸಾರ್ಥಕ.

ಹೆಂಡತಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಅವಳು ಹಲ್ಲಿನ ಸೆಟ್ ಮಾಡುವವಳು. ಮನೆಯ ಹಿಂದಿನ ಕೋಣೆಯೇ ಅವಳ ಕಾರ್ಖಾನೆ, ಕಪಾಟಿನ ತುಂಬ ಯಾರ್ಯಾರದೋ ಬಾಯಿಯ ಅಚ್ಚುಗಳು. ಹೆಲ್ಮೆಟ್ಟನ್ನೂ ಅದೇ ಮೇಣ, ಅದೇ ಪ್ಲಾಸ್ಟರ್, ಅದೇ ಅಕ್ರಿಲಿಕ್ಕಿನಿಂದ ಮಾಡಿದ್ದಳು. ಹೊರಗೆ ಬೆಳ್ಳಿ ಬಣ್ಣ ಬಳಿದಿದ್ದರೂ ಒಳಗೆ ಅಪ್ಪಟ ಒಸಡಿನ ಗುಲಾಬಿ. ಹಿಡಿದ ಕೆಲಸ ಸರಿಯಾಗಿ ಕೂರುವ ತನಕ ಊಟ ನಿದ್ದೆ ಮರೆಯುವ ಜಾತಿ ಅವಳದು.

ಗೋಡೆಗೆ ಎರಡು ಚಿತ್ರ ಅಂಟಿಸಿದ್ದಳು. ಒಂದರಲ್ಲಿ ಸೇನಾನಿ ಕೈಕಟ್ಟಿ ನಿಂತಿದ್ದಾನೆ, ಹೆಲ್ಮೆಟ್ ನೆಟ್ಟಗಿದೆ. ಇನ್ನೊಂದು, ಅವನು ಆಕಾಶನೌಕೆಯ ಬಾಗಿಲಿಂದ ಕೆಳಗೆ ಹಾರುವ ದೃಶ್ಯದ್ದು. ಅಭಿಮಾನಿಗಳೆಲ್ಲ ಪ್ರಾಣ ಬಿಡುವುದು ಆ ದೃಶ್ಯಕ್ಕೇ. ಅದರಲ್ಲಿ ಹೆಲ್ಮೆಟ್ ಹಿಂದೆ ಎದ್ದು, ಮುಂದೆ ಹುಬ್ಬಿನ ಮೇಲೆ ಜಾರಿದೆ. ಅವಳು ಪಟ್ಟಿ ಬಿಗಿ ಮಾಡಿದಳು, ಸಡಿಲ ಮಾಡಿದಳು, ಅಂಚು ಉಜ್ಜಿದಳು. ಗಂಡನ ತಲೆಯ ಮೇಲೆ ಅದು ಜಪ್ಪಯ್ಯ ಅಂದರೂ ಬಾಗಲಿಲ್ಲ.

"ಬೀಳುವಾಗ ಗಾಳಿಗೆ ಬಾಗಿರುತ್ತೆ ಕಣೇ, ಬಿಡು."

"ಕಾಲಿನ್ನೂ ಬಾಗಿಲಲ್ಲೇ ಇದೆ, ನೋಡ್ರೀ. ಬೀಳೋಕೆ ಮುಂಚೆನೇ ಬಾಗಿದೆ."

ಕಿಟಕಿಯ ಪಕ್ಕ, ನೋಯುವ ಎಡ ಭುಜಕ್ಕೆ ದಿಂಬು ಒತ್ತಿಕೊಂಡು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಬಿದ್ದಿದ್ದು ನಾನು."

"ಶುರುವಾಯ್ತಪ್ಪ!" ಮಗ ನಕ್ಕ. "ಹೌದಮ್ಮ, ಚಂದ್ರನ ಮೇಲೆ ಮೊದಲು ಕಾಲಿಟ್ಟಿದ್ದೂ ನೀನೇ."

ಮದುವೆಗೆ ಮುಂಚೆ ಅತ್ತೆ ಆ ಧಾರಾವಾಹಿಯ ಸ್ಟುಡಿಯೋದಲ್ಲಿ ಉಡುಪು ಹೊಲಿಯುತ್ತಿದ್ದುದನ್ನು ಮಗ ಒಪ್ಪುತ್ತಿದ್ದ. ಎತ್ತರ ಕಂಡರೆ ನಟನಿಗೆ ಕೈಕಾಲು ನಡುಗುತ್ತಿತ್ತು, ಅವನ ಬದಲು ಹಾರಿದ್ದು ತಾನು ಎಂದು ಅವರು ಹೇಳಿದಾಗಲೆಲ್ಲ ಮಾತ್ರ ಹೀಗೇ ನಗೆಯಾಡುತ್ತಿದ್ದ. ಅವನ ಪಾಲಿಗೆ ಸೇನಾನಿ ದೇವರು. ಹೆತ್ತ ಮಗನೇ ನಂಬದ ಮೇಲೆ ಇನ್ಯಾರಿಗೆ ಹೇಳುವುದೆಂದು ಅತ್ತೆ ಸೂಜಿ-ದಾರಕ್ಕೆ ಮರಳುತ್ತಿದ್ದರು. ಅವರಿಗೆ ಅದರಿಂದ ತುಂಬ ನೋವಾಗುತ್ತಿತ್ತು.

ಸೊಸೆ ಇವತ್ತು ನಗಲಿಲ್ಲ. ಅವಳ ಕಸುಬಿನಲ್ಲಿ ಒಂದು ರೂಢಿಯಿದೆ. ಎಷ್ಟು ಉಜ್ಜಿದರೂ ಸೆಟ್ ಕೂರದಿದ್ದರೆ ಉಜ್ಜುವುದನ್ನು ನಿಲ್ಲಿಸಬೇಕು, ಒಬ್ಬರದ್ದನ್ನು ಇನ್ನೊಬ್ಬರ ಬಾಯಿಗೆ ಇಡುತ್ತಿದ್ದೇವೆಯೇ ಎಂದು ನೋಡಬೇಕು. ಗಂಡನ ತಲೆಯಿಂದ ಹೆಲ್ಮೆಟ್ ಕಿತ್ತುಕೊಂಡು ಅತ್ತೆಯ ಮುಂದೆ ಹಿಡಿದಳು.

"ಹಾಕ್ಕೊಳ್ಳಿ ಅತ್ತೆ."

ಅತ್ತೆ ಹಾಕಿಕೊಂಡರು. ಅವರ ತಲೆಯ ಮೇಲೂ ಅದು ನೆಟ್ಟಗೇ ಕುಳಿತಿತು.

"ನೋಡಿದ್ಯಾ?" ಎಂದ ಮಗ. ಗೆದ್ದ ಖುಷಿ ಯಾಕೋ ದನಿಯಲ್ಲಿ ಬರಲಿಲ್ಲ.

"ಆಗ ಕೂದಲಿತ್ತು ಕಣಮ್ಮ," ಹೆಲ್ಮೆಟ್ಟಿನೊಳಗಿಂದ ಅತ್ತೆಯ ಮಾತು ಬಂತು. "ಮೊಣಕಾಲು ಮುಟ್ತಿತ್ತು. ಸುತ್ತಿ, ತುರುಬು ಕಟ್ಟಿ ಒಳಗೆ ತುರುಕ್ತಿದ್ದೆ. ಹಾಗೇ ಬಿಟ್ರೆ ಕೆಳಗಿಂದ ಜಡೆ ಇಣುಕೋದು. ಸೇನಾನಿಗೆ ಜಡೆ ಇರುತ್ತಾ?"

ಈಗ ಅವರ ತಲೆಯಲ್ಲಿ ಉಳಿದಿದ್ದುದು ಅಲ್ಲೊಂದು ಇಲ್ಲೊಂದು ಮೋಟು ಕೂದಲು. ಸೊಸೆ ಸುತ್ತ ಕಣ್ಣಾಡಿಸಿದಳು. ಒಣಗಿದ ಬಟ್ಟೆಗಳ ರಾಶಿಯಿಂದ ಗಂಡನ ಕಾಲುಚೀಲಗಳನ್ನೆಲ್ಲ ಎಳೆದು, ಒಂದರೊಳಗೊಂದು ತುರುಕಿ ಉಂಡೆ ಕಟ್ಟಿದಳು.

"ಏಯ್, ಅದು ನನ್ನ ಕಾಲುಚೀಲ!"

"ಒಗೆದಿದೀನಿ, ಸುಮ್ನಿರಿ."

ಉಂಡೆಯನ್ನು ಅತ್ತೆಯ ಹಿಂದಲೆಗೆ ಇಟ್ಟು ಬಟ್ಟೆಯ ಪಟ್ಟಿಯಿಂದ ಬಿಗಿದು, ಮೇಲಿನಿಂದ ಹೆಲ್ಮೆಟ್ ಇಳಿಸಿದಳು. ಹಿಂಬದಿ ಎದ್ದಿತು. ಮುಂಬದಿ ಹುಬ್ಬಿನ ಮೇಲೆ ಜಾರಿತು. ಎದುರಿಗಿದ್ದವರು ಕಾಣಬೇಕೆಂದರೆ ಅತ್ತೆ ಗಲ್ಲವನ್ನು ಮೇಲಕ್ಕೆತ್ತಬೇಕಾಯಿತು, ಎತ್ತಿದರು. ಗೋಡೆಯ ಚಿತ್ರದಲ್ಲೂ ಗಲ್ಲ ಅಷ್ಟೇ ಮೇಲಿತ್ತು. ಅದನ್ನು ಶೂರನ ಗತ್ತೆಂದು ನಂಬಿ, ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಲೇ ಮಗ ದೊಡ್ಡವನಾಗಿದ್ದ.

ಅವನು ಚಿತ್ರ ನೋಡಿದ, ತಾಯಿಯನ್ನು ನೋಡಿದ. ನಾಚಿಕೆಯಿಂದ ಕಿವಿ ಕೆಂಪಾದವು. "ಅಮ್ಮಾ..." ಎಂದ.

"ಈ ಉಂಡೆ ಒಳಗೇ ಅಂಟಿಸ್ತೀನಿ," ಎಂದಳು ಸೊಸೆ. "ನಾಳೆ ಅತ್ತೆನೂ ಬರ್ತಾರೆ. ಎಲ್ಲರ ಮುಂದೆ ಅವರೇ ಇದನ್ನ ಹಾಕ್ಕೊಂಡು ನಿಲ್ತಾರೆ. ಫೋಟೊ ಗೀಟೊ ಎಲ್ಲ ಆಮೇಲೆ."

"ಅಲ್ಲಿ ಯಾರೂ ನಂಬದಿದ್ರೆ?" ಮಗ ಮೆಲ್ಲಗೆ ಕೇಳಿದ. "ಹಾರಿದ್ದು ನಾನೇ ಅಂತ ಆ ಮನುಷ್ಯ ಹೇಳಿಬಿಟ್ರೆ?"

ಅತ್ತೆ ಹೆಲ್ಮೆಟ್ ತೆಗೆಯಲಿಲ್ಲ. ಜಾರಿದ ದಿಂಬನ್ನು ಎಡ ಭುಜಕ್ಕೆ ಸರಿಯಾಗಿ ಒತ್ತಿಕೊಂಡರು.

"ಯಾವ ಭುಜದ ಮೇಲೆ ಬಿದ್ದೆ ಅಂತ ಅವನನ್ನ ಕೇಳು, ಮಗಾ. ಅವನು ಯೋಚನೆ ಮಾಡಿ ಹೇಳ್ಬೇಕು. ನಿಂಗೆ ಅದೂ ಬೇಕಿಲ್ಲ, ದಿನಾ ಮುಲಾಮು ಹಚ್ಚೋನು ನೀನೇ ಅಲ್ವಾ."