ಅಧಿಕಾರಿಯ ಪಾತ್ರ

“ಯಾರ್ರೀ ಅದು ಒಳಗಡೆ? ಹೊರಗೆ ಬನ್ನಿ! ಜಾಗ ಖಾಲಿ ಮಾಡಿ!”

ಅಧಿಕಾರಿಯ ದನಿಗೆ ಓಣಿಯ ತಗಡುಗಳೆಲ್ಲ ಅದುರಿದವು. ಮೂಲೆಯ ಕಲ್ಲಿನ ಮೇಲೆ ಕೂತಿದ್ದ ನಿರ್ದೇಶಕಿಗೆ ಖುಷಿಯೋ ಖುಷಿ. ಭೇಷ್! ಪ್ರವೇಶ ಅಂದರೆ ಹೀಗಿರಬೇಕು.

ಎರಡು ತಿಂಗಳಿಂದ ಅವಳು ಈ ಓಣಿಯ ಚಿಂದಿ ಆಯುವ ಹೆಂಗಸರಿಗೆ ನಾಟಕ ಕಲಿಸುತ್ತಿದ್ದಳು. ಕಥೆ ಅವರದೇ. ಮನೆ ಕೆಡವಲು ಅಧಿಕಾರಿ ಬರುತ್ತಾನೆ, ಹೆಂಗಸರು ಎದುರು ನಿಲ್ಲುತ್ತಾರೆ. ಆ ನಿಲ್ಲುವುದೇ ಆಗುತ್ತಿರಲಿಲ್ಲ. ಅಧಿಕಾರಿಯ ಪಾತ್ರ ಮಾಡುತ್ತಿದ್ದವನು ಪಕ್ಕದ ಗುಜರಿ ಅಂಗಡಿಯವನು. ಅವನು ಬಾಯಿ ತೆರೆದರೆ ಸಾಕು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅದಕ್ಕೇ ಇವತ್ತಿನ ರಿಹರ್ಸಲ್‌ಗೆ ಬೇರೆ ಊರಿನ ತಂಡದಿಂದ, ತಾನೂ ಮುಖ ನೋಡಿರದ ನಟನೊಬ್ಬನನ್ನು ಕರೆಸಿದ್ದಳು. ವೇಷ ಹಾಕಿಕೊಂಡೇ ಬರಬೇಕು, ಬಂದವನೇ ಶುರು ಮಾಡಬೇಕು, ಅವಳು ಚಪ್ಪಾಳೆ ತಟ್ಟುವವರೆಗೆ ಯಾರೂ ನಿಲ್ಲಿಸಬಾರದು. ಹೆಂಗಸರಿಗೂ ಇದನ್ನು ಹೇಳಿಯಾಗಿತ್ತು.

ಪುಣ್ಯಾತ್ಮ, ಜೊತೆಗೆ ಇಬ್ಬರನ್ನು ಬೇರೆ ಕರೆತಂದಿದ್ದ. ಅವರಲ್ಲೊಬ್ಬ ಡಬ್ಬಿಯ ಕೆಂಪು ಬಣ್ಣದಲ್ಲಿ ಕುಂಚ ಅದ್ದಿ ಮೊದಲ ಬಾಗಿಲಿಗೆ ದೊಡ್ಡದಾಗಿ ಕೆಡವುವ ಗುರುತು ಎಳೆದೇಬಿಟ್ಟ.

‘ಅಯ್ಯೋ, ನಿಜವಾದ ಬಣ್ಣ! ಆಮೇಲೆ ಉಜ್ಜೋರು ಯಾರು?’ ನಿರ್ದೇಶಕಿ ಏಳಹೋದಳು, ತಡೆದುಕೊಂಡಳು. ತನ್ನ ನಿಯಮವನ್ನು ತಾನೇ ಮುರಿದರೆ ಹೇಗೆ?

ಅಷ್ಟರಲ್ಲಿ ದೊಡ್ಡಮ್ಮ ಹೊರಬಂದಳು. ಓಣಿಗೇ ಹಿರಿಯಳು. ರಿಹರ್ಸಲ್‌ನಲ್ಲಿ ಒಂದು ಮಾತನ್ನೂ ನೆಟ್ಟಗೆ ಹೇಳಿದವಳಲ್ಲ. ಇವತ್ತು ಸೀದಾ ಹೋಗಿ ಎರಡನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ನೋಟಿಸ್ ಎಲ್ಲಿ ಸಾಹೇಬ್ರೆ? ತೋರ್ಸಿ.”

“ಅದೆಲ್ಲ ನಿನಗ್ಯಾಕೆ ಮುದುಕಿ? ಪಕ್ಕಕ್ಕೆ ಸರಿ.”

“ನಿಮ್ಮನೆ ಕಸ ಬಾಚೋಕೆ ನಾವು ಬೇಕು. ನಮ್ಮ ತಲೆ ಮೇಲೊಂದು ತಗಡು ಇದ್ರೆ ನಿಮ್ಮ ಕಣ್ಣು ಕುಕ್ಕುತ್ತಾ? ನಾನಂತೂ ಸರಿಯಲ್ಲ. ಬಣ್ಣ ಬಳೀಲೇಬೇಕು ಅಂದ್ರೆ ನನ್ನ ಮೈಮೇಲೆ ಬಳೀರಿ!”

ಕೊನೆಯ ಮಾತು ನಾಟಕದಲ್ಲಿ ಇರಲೇ ಇಲ್ಲ. ನಿರ್ದೇಶಕಿಯ ಮೈ ಜುಮ್ಮೆಂದಿತು.

ಒಬ್ಬೊಬ್ಬಳೇ ಬಂದು ಒಂದೊಂದು ಬಾಗಿಲಿಗೆ ಬೆನ್ನು ಕೊಟ್ಟಳು. ನಾಟಕ ಗೀಟಕ ಎಲ್ಲ ಕೆಲಸ ಇಲ್ಲದೋರಿಗೆ ಎಂದು ಮೂಗು ಮುರಿಯುತ್ತಿದ್ದ ದೊಡ್ಡಮ್ಮನ ಸೊಸೆಯೂ ಬಂದು ನಿಂತಳು. ಯಾರೂ ನಗಲಿಲ್ಲ. ಕುಂಚ ಹಿಡಿದವನು ಇಡೀ ಓಣಿ ಸುತ್ತಿದ, ಗುರುತು ಹಾಕಲು ಅಂಗೈಯಗಲದ ಜಾಗವೂ ಸಿಗಲಿಲ್ಲ.

ಅಧಿಕಾರಿಯ ಹಣೆಯಲ್ಲಿ ಬೆವರು ಮೂಡಿತು. ಅಬ್ಬಬ್ಬಾ, ಬೇಕೆಂದಾಗ ಬೆವರುವ ನಟ! ಅವನು ಫೋನಿಗೆ ಕೈಯಡ್ಡ ಹಿಡಿದು, “ನೋಟಿಸ್ ಇಲ್ದೆ ಕಳಿಸಿದ್ರೆ ಇನ್ನೇನಾಗುತ್ತೆ ಸಾರ್, ಹೆಂಗಸ್ರು ಬೇರೆ” ಎಂದು ಗೊಣಗಿದ. ಆಮೇಲೆ ತನ್ನವರಿಗೆ ಸನ್ನೆ ಮಾಡಿ ಹೊರಟೇಬಿಟ್ಟ.

ನಿರ್ದೇಶಕಿ ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದಳು. “ಎಲ್ಲಿಗೆ ಹೊರಟ್ರಿ? ಟೀ ಕುಡ್ಕೊಂಡು ಹೋಗಿ!”

ಅವನು ತಿರುಗಿ ದುರುಗುಟ್ಟಿ ನೋಡಿದ, ಹೋದ.

ಆಗ ಅವಳ ಫೋನ್ ಬಡಿದುಕೊಂಡಿತು.

“ಅಕ್ಕಾ, ಬೈಬೇಡಿ. ಬಸ್ ಕೆಟ್ಟು ದಾರೀಲೇ ನಿಂತಿದೆ. ವೇಷ ಹಾಕ್ಕೊಂಡೇ ಕೂತಿದ್ದೀನಿ, ಕಂಡಕ್ಟರ್ ಸೆಲ್ಯೂಟ್ ಹೊಡೀತಿದ್ದಾನೆ. ರಿಹರ್ಸಲ್ ನಾಳೆಗೆ ಇಟ್ಕೊಳ್ಳೋಣ್ವಾ?”

ಅವಳು ಓಡಿ ಹೋಗಿ ದೊಡ್ಡಮ್ಮನ ತೋಳು ಹಿಡಿದುಕೊಂಡಳು.

“ದೊಡ್ಡಮ್ಮಾ... ಬಂದಿದ್ದೋರು ನಟರಲ್ಲ. ನಿಜವಾದ ಅಧಿಕಾರಿ! ನನ್ನಿಂದ ಎಂಥಾ ಅನಾಹುತ ಆಗ್ತಿತ್ತು. ನೀವೆಲ್ಲ ನಾಟಕ ಅಂದ್ಕೊಂಡು ಅವರಿಗೇ ಎದುರು ನಿಂತುಬಿಟ್ರಲ್ಲಾ!”

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾಟಕ ಅಂದ್ಕೊಂಡಿದ್ದು ನೀನೊಬ್ಳೇ ಕಣಮ್ಮ.”